ಅಧಿಕಾರ ಹೋಯಿತು, ಮುಖ ಉಳಿಯಿತು: ಮುಮ್ಮಡಿಯವರ ಫೋಟೋ ನಮಗೆ ಹೇಳೋದೇನು?

ಕುರ್ಚಿಯಲ್ಲಿ ಕೂತ ಒಬ್ಬ ಮುದುಕರು. ತಲೆಗೆ ರುಮಾಲು, ಮೈಮೇಲೆ ಒಡವೆ, ಮುಖದಲ್ಲಿ ನಗು ಇಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕೊನೆಯ ವರ್ಷಗಳ, ಅಂದರೆ 1860ರ ದಶಕದ ಫೋಟೋಗಳನ್ನು ನೀವು ಮೊಬೈಲ್‌ನಲ್ಲಿ ಎಲ್ಲೋ ಒಂದು ಸಲ ನೋಡಿರುತ್ತೀರಿ. ನೋಡಿ, ಹಳೇ ಕಾಲದ ಮಹಾರಾಜರು ಅಂದುಕೊಂಡು ಮುಂದೆ ಸ್ಕ್ರೋಲ್ ಮಾಡಿರುತ್ತೀರಿ. ಈ ಸಲ ಒಂದು ನಿಮಿಷ ನಿಲ್ಲಿ. ಯಾಕೆಂದರೆ ಆ ಫೋಟೋ ತೆಗೆಯುವ ಹೊತ್ತಿಗೆ ಕುರ್ಚಿಯಲ್ಲಿ ಕೂತವರ ಕೈಯಲ್ಲಿ ರಾಜ್ಯವೇ ಇರಲಿಲ್ಲ. ಅಧಿಕಾರ ಹೋಗಿ ಮೂವತ್ತು ವರ್ಷ ಕಳೆದಿತ್ತು. ಪೋಸು ಮಾತ್ರ ಆಳುವವರದ್ದೇ.

ಜಗತ್ತಿನ ಮೊದಲ ತಲೆಮಾರಿನ ಮುಖದ ಫೋಟೋಗಳಿಗೆ ಒಂದು ಸೆಳೆತ ಇದೆ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುವಾಗ ಆ ಸೆಳೆತಕ್ಕೆ ಲೆನ್ಸು, ಬೆಳಕು, ರಸಾಯನಶಾಸ್ತ್ರ ಸಾಕು ಅಂದುಕೊಂಡಿದ್ದೆ. ಪತ್ರಿಕೋದ್ಯಮಕ್ಕೆ ಬಂದಮೇಲೆ ಅದರ ಇನ್ನೊಂದು ಅರ್ಧ ಕಾಣತೊಡಗಿತು. ಯಾರ ಮುಖ ಉಳಿಯಬೇಕು, ಹೇಗೆ ಉಳಿಯಬೇಕು, ಅದರ ಕೆಳಗೆ ಏನು ಬರೆಯಬೇಕು ಎಂಬುದನ್ನೆಲ್ಲ ಯಾರೋ ಒಬ್ಬರು ತೀರ್ಮಾನ ಮಾಡುತ್ತಾರೆ. ಅದು ಅಪ್ಪಟ ರಾಜಕೀಯ. ನಮ್ಮಲ್ಲಿ ಆ ರಾಜಕೀಯವನ್ನು ಬೇರೆ ಯಾರಿಗಿಂತಲೂ ಮೊದಲೇ ಅರ್ಥ ಮಾಡಿಕೊಂಡವರು ಮುಮ್ಮಡಿಯವರು. ಅವರ ಬದುಕನ್ನು ಅವರ ಚಿತ್ರಗಳ ಮೂಲಕವೇ ಹೇಳಬಹುದು.

ಐದು ವರ್ಷದ ರಾಜ

ಹುಟ್ಟಿದ್ದು 1794ರ ಜುಲೈನಲ್ಲಿ, ಶ್ರೀರಂಗಪಟ್ಟಣದಲ್ಲಿ. ಆಗ ಆಳುತ್ತಿದ್ದವನು ಟಿಪ್ಪು ಸುಲ್ತಾನ್. ಒಡೆಯರ ಮನೆತನ ಹೆಸರಿಗೆ ಮಾತ್ರ ಉಳಿದಿತ್ತು. 1799ರ ಮೇ 4ರಂದು ಟಿಪ್ಪು ಬಿದ್ದ. ಗೆದ್ದ ಇಂಗ್ಲಿಷರಿಗೆ ಈಗ ಒಂದು ಮುಖ ಬೇಕಿತ್ತು: ನಾವು ಕಿತ್ತುಕೊಂಡಿಲ್ಲ, ಹಳೆಯ ವಾರಸುದಾರರಿಗೆ ಹಿಂದಿರುಗಿಸಿದ್ದೇವೆ ಎಂದು ಲೋಕಕ್ಕೆ ತೋರಿಸಲು. ಆ ಮುಖ ಐದು ವರ್ಷದ ಈ ಹುಡುಗನದ್ದಾಯಿತು. ಜೂನ್ 30ರಂದು ಮೈಸೂರಿನಲ್ಲಿ ಪಟ್ಟ ಕಟ್ಟಿದರು. ಅರಮನೆ ಇರಲಿಲ್ಲ, ಹಾಗಾಗಿ ಚಪ್ಪರದಲ್ಲೇ ಶಾಸ್ತ್ರ ಮುಗಿಯಿತು.

ಪಟ್ಟ ಸುಮ್ಮನೆ ಬಂದದ್ದಲ್ಲ. ಅಜ್ಜಿಯ ಸ್ಥಾನದಲ್ಲಿದ್ದ ರಾಣಿ ಲಕ್ಷ್ಮಮ್ಮಣ್ಣಿಯವರು ದಶಕಗಳ ಕಾಲ ಗುಟ್ಟಾಗಿ ಇಂಗ್ಲಿಷರ ಜೊತೆ ಪತ್ರ ವ್ಯವಹಾರ ನಡೆಸಿದ್ದರು. ಬಂದದ್ದಕ್ಕೆ ಬೆಲೆಯೂ ಇತ್ತು. ಮೈಸೂರು ಪ್ರತಿ ವರ್ಷ ಕಂಪನಿಗೆ 7 ಲಕ್ಷ ವರಹ ಕಟ್ಟಬೇಕು. ಆಡಳಿತ ಸರಿ ಇಲ್ಲ ಎನಿಸಿದರೆ ಕಂಪನಿ ರಾಜ್ಯವನ್ನೇ ವಹಿಸಿಕೊಳ್ಳಬಹುದು. ಸಹಿ ಹಾಕಿಸಿದ ಕಾಗದದಲ್ಲೇ ಮುಂದಿನ ಏಟು ಅಡಗಿ ಕೂತಿತ್ತು.

ಯುದ್ಧ ಮುಗಿದ ಬೆನ್ನಲ್ಲೇ ಥಾಮಸ್ ಹಿಕ್ಕಿ ಎಂಬ ಐರಿಷ್ ಕಲಾವಿದ ಮೈಸೂರು ಸೀಮೆಗೆ ಬಂದ. ಟಿಪ್ಪುವಿನ ಮಕ್ಕಳನ್ನು ಚಿತ್ರಿಸಿದ, ದಿವಾನ್ ಪೂರ್ಣಯ್ಯನವರನ್ನು ಚಿತ್ರಿಸಿದ. ಸೋತವರ ಮುಖ, ಜೊತೆಗೆ ಬಂದವರ ಮುಖ, ಎರಡೂ ಗೆದ್ದವರ ಗೋಡೆಗೆ ಬೇಕು. ಇದೇ ಹಿಕ್ಕಿ ಮುಂದೆ 1816ರಲ್ಲಿ ಸರ್ವೆಯರ್ ಕಾಲಿನ್ ಮೆಕೆಂಜಿಯ ಚಿತ್ರ ಬರೆದಾಗ, ಹಿನ್ನೆಲೆಯಲ್ಲಿ ಗೊಮ್ಮಟನನ್ನು, ಪಕ್ಕದಲ್ಲಿ ಮೂವರು ದೇಶಿ ಸಹಾಯಕರನ್ನು ನಿಲ್ಲಿಸಿದ. ಅವರಲ್ಲಿ ಒಬ್ಬರು ಜೈನ ಪಂಡಿತ ಧರ್ಮಯ್ಯ. ಚನ್ನರಾಯಪಟ್ಟಣ ಕಡೆಯವರು ಶ್ರವಣಬೆಳಗೊಳದ ಹೆಸರಲ್ಲಿ ಹೆಮ್ಮೆ ಪಡುವಾಗ ಈ ಚಿತ್ರವನ್ನೂ ನೆನೆಯಬೇಕು. ಅಂಥ ಶಾಸನಗಳನ್ನು ಓದಿ ಹೇಳಿದವರು ಇವರು. ಚಿತ್ರ ಮಾತ್ರ ಮೆಕೆಂಜಿಯದು.

ಮೂವರು ರಾಣಿಯರು, ಒಂದು ತೋಳು

1805ರ ಸುಮಾರಿಗೆ ಹಿಕ್ಕಿ ಬರೆದ ಇನ್ನೊಂದು ಚಿತ್ರ ಇದೆ. ಮೂವರು ಹೆಂಗಸರು ನಿಂತಿದ್ದಾರೆ. ತುಂಬಾ ವರ್ಷ ಅವರು ಯಾರು ಎಂದೇ ಗುರುತಾಗಿರಲಿಲ್ಲ. ನರ್ತಕಿಯರು ಇರಬಹುದು ಅಂತಲೂ ನಂಬಿದ್ದರು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ವಾದ ಬೇರೆ. ಬಲಗಡೆ ಇರುವವರು ಹನ್ನೊಂದರ ಬಾಲರಾಜ ಕೃಷ್ಣರಾಜರಿಗೆ ಆಗಷ್ಟೇ ಮದುವೆಯಾದ ರಾಣಿ ದೇವಾಜಮ್ಮಣ್ಣಿ, ಎಡಗಡೆ ಅದೇ ಹೆಸರಿನ ಮೊದಲ ರಾಣಿ, ನಡುವೆ ಲಕ್ಷ್ಮಮ್ಮಣ್ಣಿ. ಬಲಗಡೆಯ ರಾಣಿ ಎಡ ತೋಳಿನ ಸೆರಗು ಸರಿಸಿ ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗವನ್ನು.

ಆ ಕಾಲವನ್ನು ನೆನೆಸಿಕೊಳ್ಳಿ. ಜೆನ್ನರ್ ತನ್ನ ಲಸಿಕೆಯ ಬಗ್ಗೆ ಪ್ರಕಟಿಸಿದ್ದು 1798ರಲ್ಲಿ. ಅದು ಬೊಂಬಾಯಿ ಮುಟ್ಟಿದ್ದು 1802ರಲ್ಲಿ. ಹಸುವಿನ ಕಾಯಿಲೆಯಿಂದ ತೆಗೆದದ್ದನ್ನು ಮೈಗೆ ಚುಚ್ಚಿಸಿಕೊಳ್ಳಲು ಜನ ಹೆದರುತ್ತಿದ್ದರು. ರಾಣಿಯೇ ಹಾಕಿಸಿಕೊಂಡಿದ್ದಾರೆ ಎಂಬ ಸುದ್ದಿಗೆ ಬೆಲೆ ಇತ್ತು. ಚಾನ್ಸೆಲರ್ ಹೇಳುವುದು ಸರಿಯಾದರೆ, ನಮ್ಮ ಮೈಸೂರಿನಲ್ಲಿ ಇನ್ನೂರು ವರ್ಷದ ಹಿಂದೆಯೇ ಒಂದು ಲಸಿಕೆ ಪ್ರಚಾರದ ಪೋಸ್ಟರ್ ತಯಾರಾಗಿತ್ತು. ಕೋವಿಡ್ ಕಾಲದಲ್ಲಿ ತೋಳಿಗೆ ಸೂಜಿ ಚುಚ್ಚಿಸಿಕೊಳ್ಳುವ ಸೆಲ್ಫಿ ಹಾಕಿದ ನಾವು ಅದನ್ನು ಹೊಸದೆಂದು ನಂಬಿದ್ದೆವು.

ನನ್ನನ್ನು ಕಾಡುವುದು ಬೇರೆ. ಆ ಹುಡುಗಿ ಇನ್ನೂ ಮಗುವೇ. ಚಿತ್ರಕ್ಕೆ ನಿಲ್ಲಲು ಅವಳು ಒಪ್ಪಿದ್ದಳೋ, ಯಾರೋ ನಿಲ್ಲಿಸಿದರೋ? ಮುಖದ ಚಿತ್ರದ ಇತಿಹಾಸ ಶುರುವಾಗುವುದೇ ಈ ಪ್ರಶ್ನೆಯಿಂದ. ಕೊನೆಯಲ್ಲಿ ಮತ್ತೆ ಇಲ್ಲಿಗೇ ಬರಬೇಕಾಗುತ್ತದೆ.

ಕೂಟ, ಶರ್ತು ಮತ್ತು 1831

ಮುಮ್ಮಡಿಯವರು ಪೂರ್ಣಯ್ಯನವರಿಂದ ಆಡಳಿತ ವಹಿಸಿಕೊಂಡಿದ್ದು 1811ರ ಕೊನೆಯಲ್ಲಿ. ಹದಿನೇಳು ವರ್ಷ. ಮುಂದಿನ ಇಪ್ಪತ್ತು ವರ್ಷ ಅವರು ನಿಜವಾಗಿ ಆಳಿದ ಕಾಲ. ಸಂಗೀತ, ಸಾಹಿತ್ಯ, ದೇವಸ್ಥಾನ, ದಾನಧರ್ಮ ಎಲ್ಲಕ್ಕೂ ಕೈ ಧಾರಾಳ. ಕೆಂಪುನಾರಾಯಣನ ಮುದ್ರಾಮಂಜೂಷ 1823ರಲ್ಲಿ ಬಂದದ್ದು ಇವರ ಆಶ್ರಯದಲ್ಲೇ. ಕನ್ನಡ ಗದ್ಯ ಹಳಗನ್ನಡದಿಂದ ಬಿಡಿಸಿಕೊಂಡು ಹೊಸ ಕಾಲಿಗೆ ಹೆಜ್ಜೆ ಹಾಕಿದ್ದು ಈ ಆಸ್ಥಾನದಲ್ಲಿ.

ಆದರೆ ದಾನದ ದುಡ್ಡು ಎಲ್ಲಿಂದ ಬರಬೇಕು? ರೈತನಿಂದಲೇ. ಕಂಪನಿಯ ಕಪ್ಪ ಬೇರೆ ತಪ್ಪುವಂತಿಲ್ಲ. ಶರ್ತು ಎಂಬ ಪದ್ಧತಿಯಲ್ಲಿ ಅಮಲ್ದಾರರು ಇಂತಿಷ್ಟು ಕಂದಾಯ ಎತ್ತಿಕೊಡುತ್ತೇವೆ ಎಂದು ಮೊದಲೇ ಒಪ್ಪಿಕೊಳ್ಳಬೇಕು. ಒಪ್ಪಿಕೊಂಡವನು ಎತ್ತದೇ ಬಿಡುತ್ತಾನಾ? 1830ರಲ್ಲಿ ನಗರ ಸೀಮೆಯ ರೈತರು ಕೂಟ ಕಟ್ಟಿದರು. ಊರಿಂದ ಊರಿಗೆ ಸುದ್ದಿ ಹೋಯಿತು, ಕಂದಾಯ ಕೊಡುವುದು ನಿಂತಿತು. ಬೂದಿ ಬಸವಪ್ಪ ಎಂಬುವನು ತಾನೇ ನಗರದ ಅರಸರ ವಾರಸುದಾರ ಎಂದು ಹೇಳಿಕೊಂಡು ಮುಂದೆ ನಿಂತ. ದಂಗೆಯನ್ನು ಸೈನ್ಯ ಅಡಗಿಸಿತು. ಅದನ್ನೇ ನೆಪವಾಗಿಟ್ಟುಕೊಂಡು ಗವರ್ನರ್ ಜನರಲ್ ಬೆಂಟಿಂಕ್ 1831ರ ಅಕ್ಟೋಬರ್‌ನಲ್ಲಿ ಆಡಳಿತವನ್ನೇ ಕಿತ್ತುಕೊಂಡ. ಆಗ ಮುಮ್ಮಡಿಯವರಿಗೆ ಮೂವತ್ತೇಳು ವರ್ಷ.

ಇಲ್ಲಿ ರಾಜರನ್ನು ಬಲಿಪಶು ಎಂದು ಬರೆದುಬಿಡುವುದು ಸುಲಭ. ನಾನು ಬರೆಯಲ್ಲ. ಕೂಟ ಕಟ್ಟಿದ ರೈತರ ದೂರು ಸುಳ್ಳಾಗಿರಲಿಲ್ಲ. ಹಾಗೆಯೇ, ರೈತರ ಮೇಲಿನ ಕನಿಕರದಿಂದ ಕಂಪನಿ ರಾಜ್ಯ ತೆಗೆದುಕೊಂಡಿತು ಎಂಬುದೂ ನಿಜವಲ್ಲ. ಕಪ್ಪ ತಪ್ಪಬಾರದು ಎಂಬುದೇ ಅದರ ದೊಡ್ಡ ಚಿಂತೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಮುಂದೆ ಓದಬೇಕು.

ಕಲ್ಲಲ್ಲಿ, ಗೋಡೆಯಲ್ಲಿ, ಹಾಳೆಯಲ್ಲಿ

ರಾಜಧಾನಿ ಬೆಂಗಳೂರಿಗೆ ಹೋಯಿತು. 1834ರಿಂದ 1861ರವರೆಗೆ ಆಳಿದ್ದು ಕಮಿಷನರ್ ಮಾರ್ಕ್ ಕಬ್ಬನ್. ಮೈಸೂರಿನಲ್ಲಿ ಉಳಿದ ಮುಮ್ಮಡಿಯವರಿಗೆ ಸಿಕ್ಕಿದ್ದು ವರ್ಷಕ್ಕೆ 1 ಲಕ್ಷ ವರಹ, ನಿವ್ವಳ ಆದಾಯದ ಐದನೇ ಒಂದು ಪಾಲು, ಮತ್ತು ಬೇಕಾದಷ್ಟು ಪುರುಸೊತ್ತು. ಆ ಪುರುಸೊತ್ತನ್ನು ಅವರು ಹೇಗೆ ಬಳಸಿಕೊಂಡರು ನೋಡಿ.

ಚಾಮುಂಡಿ ಬೆಟ್ಟದ ದೇವಸ್ಥಾನಕ್ಕೆ ಹೋದವರು ಅಲ್ಲಿ ಸುಮಾರು ಆರಡಿ ಎತ್ತರದ ಒಂದು ವಿಗ್ರಹ ನೋಡಿರುತ್ತೀರಿ. ಕೈಮುಗಿದು ನಿಂತಿರುವವರು ಮುಮ್ಮಡಿಯವರೇ. ಪಕ್ಕದಲ್ಲಿ ಮೂವರು ರಾಣಿಯರು, ಪೀಠದಲ್ಲಿ ಹೆಸರು ಸಮೇತ: ರಾಮವಿಲಾಸ, ಲಕ್ಷ್ಮೀವಿಲಾಸ, ಕೃಷ್ಣವಿಲಾಸ. ನಂಜನಗೂಡಿನಲ್ಲೂ ಭಕ್ತವಿಗ್ರಹ ಇದೆ, ಮೈಸೂರಿನ ಕೋಟೆಯೊಳಗೆ 1829ರಲ್ಲಿ ಮುಗಿದ ಪ್ರಸನ್ನ ಕೃಷ್ಣಸ್ವಾಮಿ ಗುಡಿಯಲ್ಲೂ ಇದೆ. ದೇವರ ಮುಂದೆ ಕೈಮುಗಿದ ಭಕ್ತ ನಿಜ. ಆದರೆ ದೇವರಿಗೆ ಕೈಮುಗಿಯಲು ಬರುವ ಪ್ರತಿಯೊಬ್ಬರೂ ಈ ಭಕ್ತನ ಮುಖ ನೋಡಿಕೊಂಡೇ ಹೋಗಬೇಕು. ಕಮಿಷನರ್ ಕಚೇರಿಯ ಯಾವ ಆಜ್ಞೆಯೂ ಅದನ್ನು ತಡೆಯಲಾರದು.

ಹಾಳೆಯ ಮೇಲೂ ಇದೇ ಕೆಲಸ ನಡೆಯಿತು. ಶ್ರೀತತ್ತ್ವನಿಧಿ ಎಂಬ ಬೃಹತ್ ಸಚಿತ್ರ ಕೋಶ, ಒಂಬತ್ತು ನಿಧಿಗಳಾಗಿ. ದೇವತೆಗಳ ರೂಪ, ಗ್ರಹಗಳ ರೂಪ, ಕೊನೆಯ ಕೌತುಕನಿಧಿಯಲ್ಲಿ 122 ಯೋಗಾಸನಗಳ ಚಿತ್ರ. ಲೋಕದಲ್ಲಿರುವ ಎಲ್ಲಕ್ಕೂ ಒಂದು ಆಕಾರ, ಒಂದು ಬಣ್ಣ, ಒಂದು ಹೆಸರು ಕೊಟ್ಟು ಇಟ್ಟ ಪುಸ್ತಕ ಅದು. ಅತ್ತ ಕಬ್ಬನ್ ರಾಜ್ಯವನ್ನು ರಸ್ತೆ, ಕಂದಾಯ, ಕಚೇರಿಗಳ ಲೆಕ್ಕದಲ್ಲಿ ಜೋಡಿಸುತ್ತಿದ್ದಾಗ, ಇತ್ತ ರಾಜರು ಲೋಕವನ್ನೇ ಚಿತ್ರದಲ್ಲಿ ಜೋಡಿಸುತ್ತಿದ್ದರು.

ಇನ್ನೊಂದು ಸಂತಾನಾಂಬುಜ. ಹೆಸರೇ ಹೇಳುವಂತೆ ಕಮಲದ ಆಕಾರದ ವಂಶಚಿತ್ರ. ನಡುವೆ ಮುಮ್ಮಡಿಯವರು, ಸುತ್ತ ಎಸಳೆಸಳಿನಲ್ಲಿ ಅವರ ಸಂತತಿ. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ಗೋಡೆಗಳಲ್ಲಿ ವಂಶವೃಕ್ಷ ಇದೆ, ದಸರಾ ಮೆರವಣಿಗೆ ಇದೆ. ಪಟ್ಟಕ್ಕೆ ಬರುವ ಮಗನಿಲ್ಲದ ರಾಜರು ತಮ್ಮನ್ನು ನಡುವೆ ಇಟ್ಟುಕೊಂಡು ಕಮಲ ಬರೆಸುವುದು ಬರೀ ಅಲಂಕಾರ ಅಂತ ನನಗೆ ಅನ್ನಿಸುವುದಿಲ್ಲ. ವಾರಸುದಾರರಿಲ್ಲದ ಸಂಸ್ಥಾನಗಳನ್ನು ಡಾಲ್‌ಹೌಸಿ ಒಂದೊಂದಾಗಿ ನುಂಗಿದ ಕಾಲ ಅದು. ಆ ಗೋಡೆಗಳು ಒಂದು ರೀತಿಯಲ್ಲಿ ಅಫಿಡವಿಟ್‌ಗಳು.

ಕ್ಯಾಮೆರಾ ಮೊದಲು ಬಂದದ್ದು ನಮ್ಮ ಕಡೆಯ ಕಲ್ಲಿಗೆ

1839ರ ಆಗಸ್ಟ್ 19ರಂದು ಪ್ಯಾರಿಸ್‌ನಲ್ಲಿ ಡಗೇರ್‌ನ ವಿಧಾನವನ್ನು ಬಹಿರಂಗಪಡಿಸಿದರು. ಬೆಳ್ಳಿ ಲೇಪಿಸಿದ ತಾಮ್ರದ ತಗಡು, ಅಯೋಡಿನ್ ಹೊಗೆ, ಪಾದರಸದ ಹಬೆ. ಸಿಗುವುದು ಒಂದೇ ಒಂದು ಪ್ರತಿ. ತಗಡು ಕನ್ನಡಿಯಂತೆ ಹೊಳೆಯುತ್ತದೆ. ಒಂದು ಕೋನದಲ್ಲಿ ಹಿಡಿದರೆ ಸತ್ತವರ ಮುಖ, ಸ್ವಲ್ಪ ಓರೆ ಮಾಡಿದರೆ ನಿಮ್ಮದೇ ಮುಖ. ಮೊದಲ ಕಾಲದ ಮುಖಚಿತ್ರಗಳು ನಮ್ಮನ್ನು ಹಿಡಿದು ನಿಲ್ಲಿಸುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಾ?

ಮೊದಮೊದಲು ಬೆಳಕಿಗೆ ಒಡ್ಡುವ ಹೊತ್ತು ನಿಮಿಷಗಳ ಲೆಕ್ಕದಲ್ಲಿತ್ತು. ಅಷ್ಟು ಹೊತ್ತು ಮನುಷ್ಯ ಅಲುಗದೆ ಕೂರುವುದು ಕಷ್ಟ. ತಲೆಯ ಹಿಂದೆ ಕಬ್ಬಿಣದ ಆನಿಕೆ ಇಟ್ಟು ಕೂರಿಸುತ್ತಿದ್ದರು. ಕಲ್ಲಿಗೆ ಆ ಕಷ್ಟ ಇಲ್ಲ. ಹಾಗಾಗಿ ಮೈಸೂರು ಸೀಮೆಯಲ್ಲಿ ಕ್ಯಾಮೆರಾಗಳು ಮೊದಮೊದಲು ಹುಡುಕಿಕೊಂಡು ಬಂದದ್ದು ನಮ್ಮ ಹಾಸನದ ಕಡೆಯ ಕಲ್ಲನ್ನು. 1854ರ ಡಿಸೆಂಬರ್‌ನಲ್ಲಿ ಮದ್ರಾಸ್ ಸೈನ್ಯದ ಲಿನೇಯಸ್ ಟ್ರೈಪ್ ಹಳೇಬೀಡು, ಬೇಲೂರುಗಳನ್ನು ಕಾಗದದ ನೆಗೆಟಿವ್ ಮೇಲೆ ಹಿಡಿದ. ಮರುವರ್ಷ ಅವು ಮದ್ರಾಸಿನ ವಸ್ತುಪ್ರದರ್ಶನದಲ್ಲಿದ್ದವು. ರಿಚರ್ಡ್ ಬ್ಯಾನರ್ ಓಕ್ಲಿ ತೆಗೆದ ಹಳೇಬೀಡಿನ 56 ಚಿತ್ರಗಳ ಪುಸ್ತಕ 1859ರಲ್ಲಿ ಲಂಡನ್ನಿನಲ್ಲಿ ಬಂತು. ಆಂಡ್ರ್ಯೂ ನೀಲ್ ಎಂಬ ಸೈನ್ಯದ ಡಾಕ್ಟರ್ ತೆಗೆದವು 1866ರ ಧಾರವಾಡ–ಮೈಸೂರು ವಾಸ್ತುಶಿಲ್ಪದ ಪುಸ್ತಕದಲ್ಲಿ ಸೇರಿದವು.

ಅಂದರೆ ಹಾಸನ ಸೀಮೆಯಲ್ಲಿ ಕ್ಯಾಮೆರಾಕ್ಕೆ ಪೋಸು ಕೊಟ್ಟ ಮೊದಲ ಹೆಂಗಸರು ಬಹುಶಃ ಶಿಲಾಬಾಲಿಕೆಯರು. ಕನ್ನಡಿ ಹಿಡಿದು ನಿಂತ ಬೇಲೂರಿನ ದರ್ಪಣಸುಂದರಿಗೆ ಏಳು ಶತಮಾನದ ಅನುಭವ ಇತ್ತು. ಅದೇ ಬೇಲೂರಿನಲ್ಲಿ, ಹೊಳೆನರಸೀಪುರದಲ್ಲಿ, ಅರಕಲಗೂಡಿನಲ್ಲಿ ಆ ಹೊತ್ತು ಹೊಲ ಉಳುತ್ತಿದ್ದ, ರಾಗಿ ಬೀಸುತ್ತಿದ್ದ ಮನುಷ್ಯರ ಮುಖ ಯಾರಿಗೂ ಬೇಕಿರಲಿಲ್ಲ.

ಆಳುವವರ ಪೋಸಿನಲ್ಲಿ

1851ರಲ್ಲಿ ಫ್ರೆಡ್ರಿಕ್ ಸ್ಕಾಟ್ ಆರ್ಚರ್ ಗಾಜಿನ ಮೇಲಿನ ಕೊಲೋಡಿಯನ್ ವಿಧಾನ ಹೊರತಂದ ಮೇಲೆ ಲೆಕ್ಕ ಬದಲಾಯಿತು. ಕೆಲವೇ ಸೆಕೆಂಡು ಸಾಕು, ಒಂದು ನೆಗೆಟಿವ್‌ನಿಂದ ಬೇಕಾದಷ್ಟು ಪ್ರತಿ. 1854ರಲ್ಲಿ ಫ್ರಾನ್ಸಿನ ದಿಸ್ದೇರಿ ಅಂಗೈಯಗಲದ ವಿಸಿಟಿಂಗ್ ಕಾರ್ಡ್ ಫೋಟೋಗೆ ಪೇಟೆಂಟ್ ಪಡೆದ. ರಾಜರು, ನಟಿಯರು, ಸೇನಾಪತಿಗಳು ಎಲ್ಲರ ಮುಖವೂ ಅಂಗಡಿಯಲ್ಲಿ ಸಿಗತೊಡಗಿತು. ಆ ಅಲೆ ಮೈಸೂರನ್ನೂ ಮುಟ್ಟಿತು.

ಹಳೇ ಫೋಟೋಗಳಲ್ಲಿ ಯಾರೂ ನಗೋದಿಲ್ಲ ಯಾಕೆ ಅಂತ ಎಲ್ಲರೂ ಕೇಳ್ತಾರೆ. ಹೆಚ್ಚು ಹೊತ್ತು ಅಲುಗಬಾರದಿತ್ತು ಎಂಬ ಉತ್ತರ 1840ಕ್ಕೆ ಸರಿ. 1860ರ ದಶಕಕ್ಕೆ ಪೂರ್ತಿ ಸರಿಯಲ್ಲ. ಆಗಿನ ಜನಕ್ಕೆ ಮುಖದ ಚಿತ್ರ ಅಂದರೆ ತೈಲಚಿತ್ರವೇ ಮಾದರಿ. ಚಿತ್ರ ಉಳಿಯುವಂಥದ್ದು, ಮೊಮ್ಮಕ್ಕಳು ನೋಡುವಂಥದ್ದು. ಅದರಲ್ಲಿ ಹಲ್ಲು ಕಿರಿಯುವುದು ಗಂಭೀರ ಮನುಷ್ಯರ ಕೆಲಸವಲ್ಲ. ನಾವು ಫೋಟೋ ತೆಗೆಯುವುದು ಈ ಕ್ಷಣವನ್ನು ಹಿಡಿಯಲು. ಅವರು ತೆಗೆಸಿಕೊಂಡಿದ್ದು ಇಡೀ ಆಯುಷ್ಯವನ್ನು ಒಂದು ಮುಖದಲ್ಲಿ ಕೂರಿಸಲು. ಆ ಮುಖಗಳ ತೂಕ ಇರುವುದು ಅಲ್ಲೇ.

ಇನ್ನೊಂದು ತಾಂತ್ರಿಕ ವಿಷಯ. ಕೊಲೋಡಿಯನ್ ತಟ್ಟೆಗೆ ನೀಲಿ ಚೆನ್ನಾಗಿ ಕಾಣುತ್ತದೆ, ಕೆಂಪು ಹಳದಿ ಕಾಣುವುದಿಲ್ಲ. ಕುಂಕುಮ ಕಪ್ಪಾಗುತ್ತದೆ, ಚಿನ್ನ ಮಂಕಾಗುತ್ತದೆ, ನಮ್ಮ ಮೈಬಣ್ಣ ಇರುವುದಕ್ಕಿಂತ ಕಪ್ಪಗೆ ಬರುತ್ತದೆ. ಯಂತ್ರಕ್ಕೆ ಪಕ್ಷಪಾತ ಇಲ್ಲ ಎಂದು ಹೇಳುವವರಿಗೆ ಇದನ್ನು ತೋರಿಸಬೇಕು. ನಮ್ಮ ದೇಶದ ಆಸ್ಥಾನಗಳು ಇದಕ್ಕೊಂದು ಉಪಾಯ ಕಂಡುಕೊಂಡವು: ಫೋಟೋ ಮೇಲೆ ಕುಂಚದಿಂದ ಬಣ್ಣ, ಚಿನ್ನ ತುಂಬುವುದು. ಕ್ಯಾಮೆರಾ ಕಿತ್ತುಕೊಂಡದ್ದನ್ನು ಚಿತ್ರಗಾರ ಹಿಂದಿರುಗಿಸುತ್ತಿದ್ದ.

ಈಗ ಆ ಕುರ್ಚಿಯ ಫೋಟೋಗೆ ಬನ್ನಿ. ಐದನೇ ವಯಸ್ಸಿನಿಂದ ಬೇರೆಯವರು ಅವರ ಮುಖವನ್ನು ತಮ್ಮ ಕೆಲಸಕ್ಕೆ ಬಳಸಿಕೊಂಡಿದ್ದರು. ಕಲ್ಲು, ಗೋಡೆ, ಹಾಳೆಯಲ್ಲಿ ಮೂವತ್ತು ವರ್ಷ ಅಭ್ಯಾಸ ಮಾಡಿ ತಮ್ಮ ಮುಖವನ್ನು ತಾವೇ ಆಳಲು ಕಲಿತರು. ಕ್ಯಾಮೆರಾ ಮುಂದೆ ಕೂರುವಾಗ ಎಲ್ಲಿ ನೋಡಬೇಕು, ಏನು ಧರಿಸಬೇಕು, ಎಷ್ಟು ಗಂಭೀರವಾಗಿರಬೇಕು ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇದು ನನ್ನ ಓದು. ಆದರೆ ಆ ದಶಕದಲ್ಲಿ ಅವರು ಇನ್ನೇನು ಮಾಡುತ್ತಿದ್ದರು ಎಂಬುದನ್ನು ನೋಡಿದರೆ ನಿಮಗೂ ಹಾಗೇ ಅನ್ನಿಸಬಹುದು.

ಕೊನೆಯ ಹೋರಾಟ

1857ರ ದಂಗೆಯಲ್ಲಿ ಅವರು ಇಂಗ್ಲಿಷರ ಕಡೆ ನಿಂತರು. ಇದನ್ನು ಮುಚ್ಚಿಡಬೇಕಾಗಿಲ್ಲ. 1860ರಲ್ಲಿ ಮೈಸೂರಿನ ಮೇಲ್ವಿಚಾರಣೆಯನ್ನು ಮದ್ರಾಸಿಗೆ ಒಪ್ಪಿಸುವ ಯೋಚನೆ ಬಂದಾಗ ವಿರೋಧಿಸಿದರು. ಕಬ್ಬನ್ ಕೂಡ ವಿರೋಧಿಸಿದ, ಅದು ಬಿದ್ದುಹೋಯಿತು. 1861ರಲ್ಲಿ ರಾಜ್ಯ ಹಿಂದಿರುಗಿಸಿ ಎಂದು ಅರ್ಜಿ ಹಾಕಿದರು. ತಿರಸ್ಕಾರ. ಮತ್ತೆ ಹಾಕಿದರು. ಮತ್ತೆ ತಿರಸ್ಕಾರ. ಆ ನಡುವೆ ಹೊಸ ಕಮಿಷನರ್ ಬೌರಿಂಗ್ ರಾಜ್ಯವನ್ನು ಮೂರು ವಿಭಾಗ, ಎಂಟು ಜಿಲ್ಲೆಗಳಾಗಿ ಜೋಡಿಸಿದ್ದ. ಹಾಸನ ಅಷ್ಟಗ್ರಾಮ ವಿಭಾಗಕ್ಕೆ ಸೇರಿತು. ರಾಜರನ್ನು ಕೇಳದೆಯೇ ಅವರ ರಾಜ್ಯದ ನಕಾಶೆ ಬದಲಾಗುತ್ತಿತ್ತು.

1865ರ ಜೂನ್‌ನಲ್ಲಿ ಮುಮ್ಮಡಿಯವರು ಬೆಟ್ಟದಕೋಟೆ ಮನೆತನದ ಎರಡು ವರ್ಷದ ಮಗು ಚಾಮರಾಜೇಂದ್ರನನ್ನು ದತ್ತು ತೆಗೆದುಕೊಂಡರು. ಒಪ್ಪಿಗೆಗೆ ಕಾಯಲಿಲ್ಲ. ಮಾಡಿ ಮುಗಿಸಿ ತಿಳಿಸಿದರು. ಸರ್ಕಾರ ಒಪ್ಪಲಿಲ್ಲ. ವಾದ ಲಂಡನ್ ಮುಟ್ಟಿತು. ಇವಾನ್ಸ್ ಬೆಲ್ ಎಂಬ ನಿವೃತ್ತ ಅಧಿಕಾರಿ ಮೈಸೂರಿನ ಪರವಾಗಿ ಪುಸ್ತಕವನ್ನೇ ಬರೆದ. 1867ರ ಏಪ್ರಿಲ್‌ನಲ್ಲಿ ಕಾರ್ಯದರ್ಶಿ ಸ್ಟಾಫರ್ಡ್ ನಾರ್ತ್‌ಕೋಟ್ ದತ್ತಕವನ್ನು ಒಪ್ಪಿ ಆದೇಶ ಕಳಿಸಿದ. ತಮಗೆ ಅಲ್ಲದಿದ್ದರೂ ತಮ್ಮ ಮಗನಿಗೆ ರಾಜ್ಯ ಸಿಗುತ್ತದೆ ಎಂದು ಖಚಿತವಾದ ಮೇಲೆ, 1868ರ ಮಾರ್ಚ್ 27ರಂದು ಮುಮ್ಮಡಿಯವರು ತೀರಿಕೊಂಡರು. ಎಪ್ಪತ್ಮೂರು ವರ್ಷ. ಆಳಿದ್ದು ಇಪ್ಪತ್ತು ವರ್ಷ, ಕಾದದ್ದು ಮೂವತ್ತಾರಕ್ಕೂ ಹೆಚ್ಚು ವರ್ಷ. ಚಾಮರಾಜೇಂದ್ರರಿಗೆ ಐದನೇ ವಯಸ್ಸಿಗೆ ಪಟ್ಟವಾಯಿತು, ಆಡಳಿತ ಕೈಗೆ ಬಂದದ್ದು 1881ರ ಮಾರ್ಚ್ 25ರಂದು.

ಫೋಟೋದಿಂದ ರಾಜ್ಯ ಬಂತು ಎಂದು ನಾನು ಹೇಳುತ್ತಿಲ್ಲ. ಅರ್ಜಿ, ಒಪ್ಪಂದ, ಲಂಡನ್ನಿನ ಲೆಕ್ಕಾಚಾರ ಎಲ್ಲ ಸೇರಿ ಬಂತು. ಆದರೆ ಒಂದು ರಾಜ್ಯ ಇದೆ, ಅದಕ್ಕೊಬ್ಬ ರಾಜ ಇದ್ದಾನೆ ಎಂಬುದನ್ನು ಜನ ಮರೆಯದಂತೆ ಇಷ್ಟು ವರ್ಷ ಕಾಯ್ದುಕೊಂಡದ್ದು ಚಿತ್ರಗಳೇ.

ಹೆಸರಿಲ್ಲದ ಮುಖಗಳು

ಮುಮ್ಮಡಿಯವರು ಸತ್ತ 1868ರಲ್ಲೇ ಲಂಡನ್ನಿನಲ್ಲಿ ದಿ ಪೀಪಲ್ ಆಫ್ ಇಂಡಿಯಾ ಎಂಬ ಫೋಟೋ ಸಂಪುಟಗಳು ಬರತೊಡಗಿದವು. 1875ರ ಹೊತ್ತಿಗೆ ಎಂಟು ಸಂಪುಟ. ನಮ್ಮ ದೇಶದ ಜನರ ಮುಖಗಳೇ. ಆದರೆ ಬಹುಪಾಲು ಚಿತ್ರಗಳ ಕೆಳಗೆ ಮನುಷ್ಯನ ಹೆಸರಿಲ್ಲ, ಜಾತಿಯ ಹೆಸರಿದೆ, ಬುಡಕಟ್ಟಿನ ಹೆಸರಿದೆ. ಜೊತೆಗೆ ಇವರು ನಂಬಿಕಸ್ತರಾ, ಪುಂಡರಾ ಎಂಬ ಧಾಟಿಯ ವಿವರಣೆ. ಒಂದೇ ಕಾಲ, ಒಂದೇ ಯಂತ್ರ. ರಾಜರು ಕೂತರೆ ಅದು ಅವರ ಚಿತ್ರ. ಬಡವ ಕೂತರೆ ಅದು ಅವನ ಜಾತಿಯ ನಮೂನೆ.

ನಮ್ಮ ಊರುಗಳಲ್ಲಿ ಮುಖ ಮನೆಗೆ ಬಂದದ್ದು ತುಂಬಾ ತಡವಾಗಿ. ಹೊಳೆನರಸೀಪುರದ ನಮ್ಮ ಅಜ್ಜಿಯ ಕಾಲದಲ್ಲೂ ಫೋಟೋ ತೆಗೆಸಿದರೆ ಆಯಸ್ಸು ಕಡಿಮೆಯಾಗುತ್ತೆ ಎಂಬ ಮಾತಿತ್ತು. ಆಮೇಲೆ ಸ್ಟುಡಿಯೋ ಬಂತು, ಹಿಂದೆ ಪರದೆ, ಪಕ್ಕದಲ್ಲಿ ಹೂಕುಂಡ, ಮದುವೆಯಾದ ವರ್ಷಕ್ಕೊಂದು ಫೋಟೋ. ಅಜ್ಜಿಯ ಅವ್ವನದ್ದು ಒಂದೂ ಇಲ್ಲ. ಆಕೆ ಹೇಗಿದ್ದಳು ಎಂದು ಕೇಳಿದರೆ ಅಜ್ಜಿ ನನ್ನ ಚಿಕ್ಕಮ್ಮನ ಮೂಗು ತೋರಿಸುತ್ತಿದ್ದರು. ರಾಜರ ಸಂತಾನಾಂಬುಜ ಗೋಡೆಯ ಮೇಲೆ ಇತ್ತು. ನಮ್ಮದು ಇನ್ನೊಬ್ಬರ ಮೂಗಿನಲ್ಲಿ.

ಈಗ ಮುಖಕ್ಕೆ ಬರ ಇಲ್ಲ. ಸರ್ಕಲ್ಲಿಗೊಂದು ಫ್ಲೆಕ್ಸು, ಹುಟ್ಟುಹಬ್ಬಕ್ಕೊಂದು ಫ್ಲೆಕ್ಸು. ಮೇಲೆ ದೊಡ್ಡವರದ್ದು, ಕೆಳಗೆ ಸಾಲಾಗಿ ಹುಡುಗರದ್ದು. ಆ ಕೆಳಗಿನ ಸಾಲನ್ನು ನೋಡಿ ನಗಬೇಡಿ. ನಾನೂ ಇದ್ದೇನೆ ಎಂದು ಹೇಳಿಕೊಳ್ಳುವ ಆಸೆ ಅದು, ಮುಮ್ಮಡಿಯವರ ಆಸೆಗೆ ದೂರದ ನಂಟೇ. ಇನ್ನೊಂದು ಕಡೆ, 2023ರ ಜನವರಿ 1ರಿಂದ ಕೇಂದ್ರ ಸರ್ಕಾರ ನರೇಗಾ ಕೆಲಸದ ಜಾಗದಲ್ಲಿ ದಿನಕ್ಕೆರಡು ಸಲ ಕೂಲಿಕಾರರ ಫೋಟೋ ತೆಗೆದು ಆ್ಯಪ್‌ಗೆ ಹಾಕುವುದನ್ನು ಕಡ್ಡಾಯ ಮಾಡಿತು. ಅರಕಲಗೂಡಿನ ಕೆರೆ ಹೂಳೆತ್ತುವ ಹೆಂಗಸಿಗೆ ಮೊದಲ ಸಲ ದಿನಕ್ಕೆರಡು ಫೋಟೋ. ಅದು ಅವಳ ಮುಖ ಅಲ್ಲ, ಹಾಜರಿ. ಅಪ್‌ಲೋಡ್ ಆಗದಿದ್ದರೆ ಕೂಲಿಯೇ ಅನುಮಾನ.

ಹಾಸನದವರಾಗಿ ಇನ್ನೊಂದನ್ನು ಹೇಳದೆ ಬಿಡುವಂತಿಲ್ಲ. 2024ರ ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ ನಮ್ಮ ಜಿಲ್ಲೆಯ ಬೀದಿಗಳಲ್ಲಿ ಪೆನ್‌ಡ್ರೈವ್‌ಗಳು ಹರಿದಾಡಿದವು. ದೌರ್ಜನ್ಯಕ್ಕೆ ಒಳಗಾದ ಹೆಂಗಸರ ಮುಖಗಳನ್ನು ಮಸುಕು ಕೂಡ ಮಾಡದೆ ಮನೆಮನೆಗೆ ಹಂಚಿದರು. ದೌರ್ಜನ್ಯ ಒಂದು ಅಪರಾಧ, ಆ ಮುಖಗಳನ್ನು ಹಂಚಿದ್ದು ಇನ್ನೊಂದು. ಮೊದಲನೆಯದರ ಬಗ್ಗೆ ಎಲ್ಲರೂ ಮಾತಾಡಿದೆವು. ಎರಡನೆಯದನ್ನು ಫಾರ್ವರ್ಡ್ ಮಾಡಿದೆವು. ಎಷ್ಟೋ ಹೆಂಗಸರು ಊರು ಬಿಟ್ಟರು ಎಂದು ವರದಿಗಳು ಬಂದವು. 1805ರಲ್ಲಿ ಆ ಪುಟ್ಟ ರಾಣಿಯನ್ನು ಕೇಳಿಯೇ ನಿಲ್ಲಿಸಿದರಾ ಎಂಬ ಪ್ರಶ್ನೆ ಇತಿಹಾಸದ್ದು ಮಾತ್ರ ಅಲ್ಲ ಎಂದು ನಾನು ಹೇಳಿದ್ದು ಇದಕ್ಕೇ.

ಹಾಗಾಗಿ ಮುಮ್ಮಡಿಯವರ ಫೋಟೋವನ್ನು ಅಯ್ಯೋ ಎಂಥ ಕಾಲ ಎಂದು ನೋಡುವುದು ನನಗೆ ಸಾಲದು. ಅವರಿಂದ ಕಲಿಯಬಹುದಾದದ್ದು ಒಂದಿದೆ. ಎಲ್ಲ ಕಿತ್ತುಕೊಂಡ ಮೇಲೂ ತಮ್ಮ ಮುಖದ ಮೇಲಿನ ಹಕ್ಕನ್ನು ಅವರು ಬಿಟ್ಟುಕೊಡಲಿಲ್ಲ. ಹೇಗೆ ಕಾಣಬೇಕು, ಎಲ್ಲಿ ಕಾಣಬೇಕು, ಕೆಳಗೆ ಯಾವ ಹೆಸರಿರಬೇಕು ಎಲ್ಲವನ್ನೂ ತಾವೇ ತೀರ್ಮಾನಿಸಿದರು. ಅವರಿಗೆ ಅದನ್ನು ಮಾಡಲು ಅರಮನೆ ಇತ್ತು, ಚಿತ್ರಗಾರರಿದ್ದರು, ವರ್ಷಕ್ಕೆ ಲಕ್ಷ ವರಹ ಇತ್ತು. ಆ ಹಕ್ಕು ಕೆರೆ ಹೂಳೆತ್ತುವ ಹೆಂಗಸಿಗೆ ಅರಮನೆ ಇಲ್ಲದೆಯೇ ಸಿಗಬೇಕು. ಅದನ್ನು ಕೊಡಿಸಲು ಬೇಕಾಗಿರುವುದು ಕಾನೂನು, ಮತ್ತು ಫಾರ್ವರ್ಡ್ ಬಟನ್ ಮೇಲೆ ಬೆರಳಿಡುವ ಮುಂಚೆ ನಿಲ್ಲುವ ನಮ್ಮ ಒಂದು ಸೆಕೆಂಡು. ಕೊಲೋಡಿಯನ್ ಕಾಲ ಮುಗಿದು ಒಂದೂವರೆ ಶತಮಾನ ಆಗುತ್ತಾ ಬಂತು. ಅಲುಗದೆ ನಿಲ್ಲಬೇಕಾದ ಸರದಿ ಈಗ ನೋಡುವವರದ್ದು.